ಚೌಕಗಳು ಸೇರುವ ಮಧ್ಯಾಹ್ನ

ಚಿಕ್ಕಮ್ಮನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಯಾರೂ ಜೋರಾಗಿ ನಡೆಯುವಂತಿರಲಿಲ್ಲ. ಮಗು ಮಲಗಿದೆಯೇನೋ ಎಂದುಕೊಂಡು ಹೊಸಬರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಆ ಮನೆಯಲ್ಲಿ ಮಗುವಿರಲಿಲ್ಲ. ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಇತ್ತು, ಅದರಲ್ಲಿ ಡಿಫ್ರಾಗ್, ಅಂದರೆ ಡಿಸ್ಕಿನಲ್ಲಿ ಚದುರಿದ್ದನ್ನು ಒಂದೆಡೆ ಜೋಡಿಸುವ ಕೆಲಸ, ನಡೆಯುತ್ತಿರುತ್ತಿತ್ತು. ಪರದೆಯ ತುಂಬ ಅಕ್ಕಿಕಾಳಿಗಿಂತ ತುಸು ದೊಡ್ಡ ಚೌಕಗಳು. ಒಂದು ಹಸಿರಾಗಿ ಮಿನುಗುವುದು, ಇನ್ನೊಂದು ಕೆಂಪಾಗುವುದು, ಎಲ್ಲೋ ಕೆಳಗೆ ಬಿದ್ದುಕೊಂಡಿದ್ದದ್ದು ಮೇಲೆ ಬಂದು ಕಡುನೀಲಿಯಾಗಿ ಸಾಲಿನಲ್ಲಿ ಕೂರುವುದು. ಡಬ್ಬಿಯೊಳಗಿನ ಡಿಸ್ಕು ಏನನ್ನೋ ಮೆಲ್ಲಗೆ ಅಗಿಯುತ್ತಿರುವಂತೆ ಕಟಕಟ ಸದ್ದು ಮಾಡುವುದು. ಚಿಕ್ಕಮ್ಮ ಅದರ ಮುಂದೆ ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿರುತ್ತಿದ್ದಳು.

"ಮುಟ್ಟಬೇಡ ಕಣೆ. ಮುಟ್ಟಿದ್ರೆ ಮತ್ತೆ ಮೊದಲಿಂದ ಶುರು ಮಾಡುತ್ತೆ. ಅದಕ್ಕೆ ಮೂಗಿನ ತುದೀಲೇ ಕೋಪ."

ಇದು ಸುಳ್ಳೇನಲ್ಲ. ಆ ಕಾಲದ ಯಂತ್ರಗಳು ಹಾಗೇ ಇದ್ದವು. ಡಿಫ್ರಾಗ್ ನಡೆಯುವಾಗ ಬೇರೆ ಏನಾದರೂ ತೆರೆದರೆ, ಮುಕ್ಕಾಲು ಪಾಲು ಮುಗಿದ ಕೆಲಸವನ್ನು ಬಿಟ್ಟು ಮತ್ತೆ ಒಂದನೇ ಚೌಕದಿಂದ ಹೊರಡುತ್ತಿದ್ದವು. ಆದರೆ ಚಿಕ್ಕಮ್ಮ ಯಂತ್ರದೊಳಗಿನ ನಿಯಮವನ್ನು ಇಡೀ ಮನೆಗೆ ಹಬ್ಬಿಸಿದ್ದಳು. ಬಾಗಿಲು ಬಡಿಯಬಾರದು, ಕುರ್ಚಿ ಎಳೆಯಬಾರದು, ಸೀನು ಬಂದರೆ ಅಂಗಳಕ್ಕೆ ಹೋಗಬೇಕು. ಅದು ಅಲುಗಾಟಕ್ಕಲ್ಲ ಚಿಕ್ಕಮ್ಮ ಎಂದು ನಾನು ಹೇಳಿ ಹೇಳಿ ಸೋತೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ನಾನು ಅವಳ ಅಕ್ಕನ ಮಗಳು. ಫೋಟೊ ಸ್ಟುಡಿಯೊದಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು, ಹಳೆಯ ಚಿತ್ರಗಳ ಮೇಲಿನ ಗೀರು, ಕಲೆ, ಮಡಿಕೆಯ ಗುರುತುಗಳನ್ನು ತೆಗೆಯುವುದು ನನ್ನ ಕಸುಬು. ಹೀಗಾಗಿ ನೆಂಟರ ಮನೆಯ ಕಂಪ್ಯೂಟರುಗಳಿಗೆಲ್ಲ ನಾನೇ ವೈದ್ಯೆ. ಕರೆದಾಗ ಹೋಗಬೇಕು, ಶುಲ್ಕ ಕೇಳಬಾರದು, ವಾಸಿಯಾಗದಿದ್ದರೆ ಮಾತ್ರ ಬೈಸಿಕೊಳ್ಳಬೇಕು.

ಚಿಕ್ಕಮ್ಮ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ಒಗೆಯುವ ಯಂತ್ರಗಳ ಪಕ್ಕದಲ್ಲೇ, ನೆಲಮಾಳಿಗೆಯಲ್ಲಿ, ಉದ್ದನೆಯ ಕೋಣೆ. ಎರಡೂ ಕಡೆ ಸೂರಿನ ತನಕ ಕಬ್ಬಿಣದ ಹಲಗೆಗಳು. ಹೊದಿಕೆ, ದಿಂಬಿನ ಗೌಸು, ಹಾಸಿಗೆಯ ಬಿಳಿ ಬಟ್ಟೆ, ಆಪರೇಷನ್ ಮಾಡುವವರ ಹಸಿರು ಅಂಗಿ, ಎಲ್ಲದರ ಅಂಚಿನಲ್ಲೂ ಅದರದರ ವಾರ್ಡಿನ ಗುರುತು. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ರಾಶಿಯಲ್ಲಿ ಹೆರಿಗೆ ವಾರ್ಡಿನದು, ಮೂಳೆ ವಾರ್ಡಿನದು, ಮಕ್ಕಳದು ಎಲ್ಲ ಒಂದಕ್ಕೊಂದು ಹೊಸೆದುಕೊಂಡಿರುತ್ತಿತ್ತು. ಅದನ್ನು ಬಿಡಿಸಿ, ಮಡಚಿ, ಅದರದರ ಹಲಗೆಗೆ ಸೇರಿಸುವುದರಲ್ಲಿ ಅವಳ ಆಯುಸ್ಸಿನ ಅರ್ಧ ಕಳೆಯಿತು. ಆ ಕೋಣೆಗೆ ಹೋದರೆ ಸಾಬೂನಿನ, ಕಾದ ಹತ್ತಿಯ ವಾಸನೆಗೆ ನನಗೆ ಕಣ್ಣು ಎಳೆಯುತ್ತಿತ್ತು. ನನಗೊಬ್ಬಳಿಗೇ ಅಲ್ಲ. ಡ್ಯೂಟಿ ಮುಗಿಸಿದ ನರ್ಸುಗಳು ಮನೆಗೆ ಹೋಗುವ ದಾರಿಯಲ್ಲಿ ಇಳಿದು ಬಂದು, "ಅಕ್ಕಾ, ಐದೇ ನಿಮಿಷ" ಎಂದು ಬಟ್ಟೆಯ ಗಂಟುಗಳ ಮೇಲೆ ಒರಗಿಬಿಡುತ್ತಿದ್ದರು. ಚಿಕ್ಕಮ್ಮ ಅವರನ್ನು ಎಬ್ಬಿಸದೆ, ಅವರ ಕೈಕಾಲುಗಳನ್ನು ತಪ್ಪಿಸಿಕೊಂಡು ಸುತ್ತಲೂ ಮಡಚುತ್ತಾ ಹೋಗುತ್ತಿದ್ದಳು. ಐದು ನಿಮಿಷ ಅನ್ನುವುದು ಅಲ್ಲಿ ಬಾಯಿಮಾತು ಅಷ್ಟೆ.

ಬಟ್ಟೆಯ ಜೊತೆ ಏನೇನೋ ಬರುತ್ತಿತ್ತು. ಹಲ್ಲಿನ ಸೆಟ್ಟು, ಬಾಚಣಿಗೆ, ಮಗುವಿನ ಒಂಟಿ ಕಾಲುಚೀಲ, ಒಮ್ಮೆ ಚದುರಂಗದ ಕುದುರೆ. ಯಾವ ಬಟ್ಟೆಯಲ್ಲಿ ಸಿಕ್ಕಿತು, ಆ ಬಟ್ಟೆ ಯಾವ ವಾರ್ಡಿನದು ಎಂದು ನೋಡಿಕೊಂಡು ಸಂಜೆಯೊಳಗೆ ಒಡೆಯರಿಗೆ ತಲುಪಿಸಿಯೇ ಅವಳು ಮನೆಗೆ ಬರುತ್ತಿದ್ದದ್ದು.

"ಚದುರಿದ್ದು ಅಂದ್ರೆ ಕಳೆದುಹೋಗಿದ್ದು ಅಂತಲ್ಲ ಕಣೆ," ಎನ್ನುತ್ತಿದ್ದಳು. "ಬೇರೆ ಯಾವುದೋ ಮಡಿಕೇಲಿ ಸಿಕ್ಕೊಂಡಿರುತ್ತೆ ಅಷ್ಟೆ. ಕೊಡವಿ ನೋಡೋರು ಬೇಕು."

ಕಂಪ್ಯೂಟರ್ ಬಂದದ್ದು ಚಿಕ್ಕಪ್ಪನ ಕಡೆಯಿಂದ. ಅವರು ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದರು. ಕಾರ್ಖಾನೆಯ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯವನ್ನು ಕೆಲಸದವರಿಗೆ ಹಂಚಿದರು. ಅವರ ಪಾಲಿಗೆ ಬಂದ ಕಂಪ್ಯೂಟರ್ ಹತ್ತು ಹೆಜ್ಜೆ ನಡೆದು ನಾಲ್ಕು ಸಲ ಕೂರುವ ಮುದುಕನ ಹಾಗಿತ್ತು. ರಿಪೇರಿ ಅಂಗಡಿಯವನನ್ನು ಕರೆಸಿದರು. ಅವನು ಮುಚ್ಚಳ ತೆಗೆದು, ಧೂಳು ಊದಿ, ಚಿಕ್ಕಮ್ಮನಿಗೆ ಡಿಫ್ರಾಗ್ ತೋರಿಸಿಕೊಟ್ಟ.

"ವಾರಕ್ಕೊಂದ್ಸಲ ಇದನ್ನ ಓಡಿಸಿ ಅಮ್ಮ. ಒಂದೇ ಫೈಲು ಚೂರುಚೂರಾಗಿ ಹತ್ತು ಕಡೆ ಬಿದ್ದಿರುತ್ತೆ. ಇದು ಎಲ್ಲಾನೂ ಹುಡುಕಿ ಒಂದು ಕಡೆ ಸೇರಿಸುತ್ತೆ."

ಆ ಮಾತು ಚಿಕ್ಕಮ್ಮನ ಮನಸ್ಸಿಗೆ ಹಾಲು ಕುಡಿದಷ್ಟು ಹಿತವಾಯಿತು. ತಾನು ಮಾಡುವ ಕೆಲಸವನ್ನೇ ಮಾಡುವ ಯಂತ್ರವೊಂದು ಮನೆಗೆ ಬಂದಿದೆ, ಅದೂ ತಾನು ಕೈ ಮಡಚಿ ಕೂತು ನೋಡಬಹುದು. ಭಾನುವಾರ ಊಟವಾದ ಮೇಲೆ ಕಿಟಕಿಯ ಪರದೆ ಎಳೆದು, ಅರೆಬೆಳಕಿನಲ್ಲಿ ಅವಳು ಕೂರುತ್ತಿದ್ದಳು. ಕಂಪ್ಯೂಟರಿನ ನೀಲಿ ಅವಳ ಕನ್ನಡಕದಲ್ಲಿ ಸಾಲುಸಾಲಾಗಿ ಬೀಳುತ್ತಿತ್ತು. "ಅಗೋ, ಆ ಮೂಲೇಲಿ ಒಂಟಿಯಾಗಿ ಕೂತಿದೆಯಲ್ಲ, ಅದರ ಸರದಿ ಬಂತು," ಎಂದು ತನಗೆ ತಾನೇ ಹೇಳಿಕೊಳ್ಳುವಳು. ಸ್ವಲ್ಪ ಹೊತ್ತಿಗೆ ಮಾತು ನಿಲ್ಲುವುದು, ಕಣ್ಣು ಅರ್ಧ ಮುಚ್ಚುವುದು. ಆಗ ಅವಳಿಗೆ ಏನೇನೋ ಕಾಣುತ್ತಿತ್ತಂತೆ. ಆಸ್ಪತ್ರೆಯ ಉದ್ದನೆಯ ಹಜಾರ, ಅಲ್ಲಿ ಯಾರೂ ಇಲ್ಲ. ಮಂಚಗಳು ಮಾತ್ರ ಚಕ್ರ ಉರುಳಿಸಿಕೊಂಡು ಸದ್ದಿಲ್ಲದೆ ಬಂದು ಒಂದರ ಪಕ್ಕ ಒಂದು ನಿಲ್ಲುತ್ತಿವೆ. ಒಂದೊಂದು ಮಂಚದಲ್ಲೂ ತನಗೆ ಗೊತ್ತಿದ್ದ ಯಾರೋ ಮಲಗಿದ್ದಾರೆ. ತೀರಿಹೋದ ಅಮ್ಮ, ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಗೆಳತಿ, ಹೆಸರು ಮರೆತುಹೋದ ಒಬ್ಬ ರೋಗಿ. ಎಲ್ಲರೂ ಚೆನ್ನಾಗಿದ್ದಾರೆ, ಎಲ್ಲರಿಗೂ ಒಗೆದ ಹೊದಿಕೆ ಸಿಕ್ಕಿದೆ. ಇದನ್ನು ಕೇಳಿದಾಗ ನಾನು, ನಿನಗೆ ಸಂಬಳವಿಲ್ಲದ ಓವರ್‌ಟೈಮು ನಿದ್ದೆಯಲ್ಲೂ ತಪ್ಪಲಿಲ್ಲವಲ್ಲ ಎಂದು ನಕ್ಕಿದ್ದೆ. ಅವಳೂ ನಕ್ಕಳು. ಆದರೆ ಮುಂದಿನ ಭಾನುವಾರವೂ ಅಲ್ಲೇ ಕೂತಿದ್ದಳು.

ಇನ್ನು ಚಿಕ್ಕಪ್ಪ. ಎಚ್ಚರವಿದ್ದಾಗ ಅವರದು ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವ ಜಾತಿ. ಹೂಂ, ಉಹೂಂ, ನೋಡೋಣ, ಈ ಮೂರರಲ್ಲಿ ಸಂಸಾರ ಸಾಗಿಸಿದವರು. ಬೆಳಕು ಹರಿಯುವ ಮುಂಚೆ ವ್ಯಾನ್ ತೆಗೆದುಕೊಂಡು ಹೋಗಿ, ಮಧ್ಯಾಹ್ನ ಬಂದು ಉಂಡು ಮಲಗುತ್ತಿದ್ದರು. ಮಲಗಿದ ಮೇಲೆ ಶುರುವಾಗುತ್ತಿತ್ತು ನೋಡಿ ಅವರ ಮಾತು. ನಿದ್ದೆಯಲ್ಲಿ ಅವರು ಬೇರೆಯೇ ಮನುಷ್ಯ. ಬ್ರೆಡ್ಡುಗಳ ಜೊತೆ ಜಗಳ, ಸಿಗ್ನಲ್ ದೀಪದ ಜೊತೆ ಚೌಕಾಸಿ, ಮೂಲೆ ಅಂಗಡಿಯವಳ ಜೊತೆ ಲೋಕಾಭಿರಾಮ. ಅದರಲ್ಲೂ ನಡುವೆ ಬರುತ್ತಿದ್ದ ಅವರ ನಗು, ಗಂಟಲಿನ ಆಳದಿಂದ ಉಕ್ಕಿ ಬರುತ್ತಿದ್ದ ದಪ್ಪ ನಗು, ಅದನ್ನು ಎಚ್ಚರದಲ್ಲಿ ಯಾರೂ ಕೇಳಿರಲಿಲ್ಲ.

ಕಂಪ್ಯೂಟರಿನ ಜೊತೆ ಒಂದು ಪುಟ್ಟ ಮೈಕು ಬಂದಿತ್ತು. ಮಂಚದ ಪಕ್ಕಕ್ಕೆ ತಂತಿ ಎಳೆದು ಚಿಕ್ಕಮ್ಮ ಆ ಮಾತುಗಳನ್ನು ಹಿಡಿದಿಡಲು ಶುರು ಮಾಡಿದಳು. ಮೊದಲಿಗೆ ಗಂಡನನ್ನು ರೇಗಿಸಲಿಕ್ಕೆಂದೇ. ಎದ್ದ ಮೇಲೆ ಕೇಳಿಸಿದರೆ ಅವರು ಕಿವಿ ಕೆಂಪಗೆ ಮಾಡಿಕೊಂಡು, "ಅದು ನಾನಲ್ಲ" ಎನ್ನುತ್ತಿದ್ದರು.

"ಹೌದ್ರೀ, ನೀವಲ್ಲ. ನೀವು ಇಷ್ಟು ಚೆನ್ನಾಗಿ ಯಾವತ್ತು ಮಾತಾಡಿದೀರ?"

ಒಮ್ಮೆ ನನಗೂ ಕೇಳಿಸಿದಳು. ಪರದೆಯ ಮೇಲೆ ಗೆರೆ ಏಳುತ್ತ ಬೀಳುತ್ತ ಹೋಗುತ್ತಿತ್ತು. "ಅಲ್ಲಿ ನಿಲ್ಲಿಸಬೇಡಪ್ಪ, ಅದು ಆನೆ ಹೋಗೋ ದಾರಿ," ಎಂದರು ಚಿಕ್ಕಪ್ಪ ಯಾರಿಗೋ. ಸ್ವಲ್ಪ ಹೊತ್ತು ಉಸಿರು ಮಾತ್ರ. ಆಮೇಲೆ ಬಹಳ ಮೆತ್ತಗೆ, "ಅವಳಿಗೆ ಹೇಳ್ಬೇಡ, ಬಿಸಿ ಇರೋವಾಗ್ಲೇ ಒಂದು ತೆಗೆದಿಟ್ಟಿದೀನಿ." ಅವಳು ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಚಿಕ್ಕಮ್ಮ ಹೇಳಲಿಲ್ಲ. ಆದರೆ ಅಷ್ಟು ವಯಸ್ಸಾದ ಹೆಂಗಸು ಹಾಗೆ ನಾಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಇದರ ಒಂದು ನಕಲು ಬೇರೆ ಕಡೆ ಇಡೋಣ ಎಂದು ನಾನು ಹೇಳಿದಾಗ, ಬೇಡ, ಮನೆ ಮಾತು ಮನೆಯಲ್ಲೇ ಇರಲಿ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು.

ಆಮೇಲೆ ಚಿಕ್ಕಪ್ಪನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಚಿಕ್ಕಮ್ಮನ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಜೀವ ಉಳಿಯಿತು, ದನಿಪೆಟ್ಟಿಗೆ ಹೋಯಿತು. ಈಗ ಅವರು ಉಸಿರಾಡುವುದು ಕತ್ತಿನ ಕೆಳಗಿನ ಒಂದು ತೂತಿನಿಂದ, ಅದರ ಮೇಲೊಂದು ತೆಳ್ಳನೆಯ ಬಟ್ಟೆ. ಪಿಸುಮಾತು ಕೂಡ ಬರುವುದಿಲ್ಲ. ತುಟಿ ಆಡಿಸುತ್ತಾರೆ, ಕೈಸನ್ನೆ ಮಾಡುತ್ತಾರೆ, ತೀರಾ ಬೇಕೆಂದರೆ ಮೇಜು ತಟ್ಟುತ್ತಾರೆ. ಆಸ್ಪತ್ರೆಯವರು ಟಾರ್ಚಿನಂಥ ಒಂದು ಯಂತ್ರ ಕೊಟ್ಟಿದ್ದರು. ಅದನ್ನು ಕತ್ತಿಗೆ ಒತ್ತಿ ಹಿಡಿದು, ಗುಂಡಿ ಅದುಮಿ ತುಟಿ ಆಡಿಸಿದರೆ ಮಾತು ಹೊರಡುತ್ತದೆ. ಆದರೆ ಏರಿಳಿತವಿಲ್ಲದ, ಡಬ್ಬಿಯಲ್ಲಿ ಸಿಕ್ಕ ದುಂಬಿಯಂಥ ದನಿ. ಚಿಕ್ಕಪ್ಪ ಒಂದು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಒತ್ತಿ ನೋಡಿದರಂತೆ. ಒಳಗಿನಿಂದ ಗುಂಯ್ ಎಂದು ಕೇಳಿ ಚಿಕ್ಕಮ್ಮ ಆಸೆಯಿಂದ ಬಾಗಿಲ ಬಳಿ ಹೋಗಿ ನಿಂತಳಂತೆ. ಮತ್ತೆ ಸದ್ದಾಗಲಿಲ್ಲ. ಅವಳು ಬೇಡಿಕೊಂಡಳು, ಮುನಿಸಿಕೊಂಡಳು, ಒಂದು ಹೊತ್ತು ಊಟವನ್ನೂ ಬಿಟ್ಟಳು. ಅವರು ಅದನ್ನು ಮತ್ತೆ ಮುಟ್ಟಲಿಲ್ಲ.

ಅವಳಿಗೆ ಉಳಿದದ್ದು ಕಂಪ್ಯೂಟರಿನಲ್ಲಿದ್ದ ಮಾತು. ಕೆಲಸದಿಂದ ಬಂದವಳೇ ಅದನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು. ಒಳಗೆ ಆ ದಪ್ಪ ನಗು ಕೇಳುತ್ತಿದ್ದರೆ ಆ ನಗುವಿನ ಒಡೆಯರು ಹೊರಗಿನ ಕೋಣೆಯಲ್ಲಿ ಕೈ ಕಟ್ಟಿಕೊಂಡು ಗೋಡೆ ನೋಡುತ್ತಿದ್ದರು. ಯಾರಾದರೂ ಬಂದರೆ ಅವರಿಗೂ ಕೇಳಿಸುವಳು. ಆಗ ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿಯುತ್ತಿದ್ದರು. ಮೊದಲಿಂದಲೂ ಸಂಕೋಚದ ಮನುಷ್ಯ ಎಂದು ನಾವೆಲ್ಲ ಅಂದುಕೊಂಡೆವು.

ಒಂದು ಸಲ ನಾನು ವಾರದ ನಡುವೆ, ಸಂಜೆಯ ಬಿಸಿಲಿರುವಾಗ ಅವಳ ಮನೆಗೆ ಹೋದೆ. ಭಾನುವಾರವಲ್ಲ, ಆದರೂ ಕಿಟಕಿಯ ಪರದೆ ಎಳೆದಿತ್ತು, ಚೌಕಗಳು ಓಡಾಡುತ್ತಿದ್ದವು. ಚಿಕ್ಕಮ್ಮ ಆಸ್ಪತ್ರೆಯ ಸೀರೆಯನ್ನೂ ಬದಲಿಸದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಕನ್ನಡಕದ ಕೆಳಗೆ ಕಣ್ಣು ಊದಿತ್ತು.

"ಏನಾಯ್ತು ಚಿಕ್ಕಮ್ಮ?"

"ಅವರ ಮಾತು ಕಳೆದುಹೋಗಿದೆ ಕಣೆ. ನಾನೇ ಕಳೆದೆ."

ನಡೆದದ್ದು ಇಷ್ಟು. ಜಾಗ ಸಾಲದು ಎಂದು ಕಂಪ್ಯೂಟರ್ ಗೊಣಗಲು ಶುರು ಮಾಡಿತ್ತು. ಅವಳು ಒಂದು ಸಂಜೆ ಕೂತು ಬೇಡದ್ದನ್ನೆಲ್ಲ ಎಸೆದಳು. ಇಸ್ಪೀಟಿನ ಆಟ, ಕಾರ್ಖಾನೆಯವರ ಹಳೆಯ ಕಾಗದಗಳು, ಯಾರ ಮದುವೆಯದೋ ಮಬ್ಬು ಫೋಟೊಗಳು. ಮಾರನೇ ದಿನ ನೋಡಿದರೆ ಗಂಡನ ಮಾತಿದ್ದ ಫೋಲ್ಡರೇ ಇರಲಿಲ್ಲ. ಕಸದ ಜೊತೆ ತಾನೇ ಅದನ್ನೂ ಗುಡಿಸಿಬಿಟ್ಟೆ ಎಂದು ಎದೆ ಒಡೆದುಕೊಂಡಳು. ಆದರೆ ಧೈರ್ಯ ಬಿಡಲಿಲ್ಲ. ಅವತ್ತಿನಿಂದ ದಿನವೂ ಕೆಲಸ ಮುಗಿಸಿ ಬಂದು ಡಿಫ್ರಾಗ್ ಓಡಿಸುತ್ತಿದ್ದಳು.

"ಚೂರುಚೂರಾಗಿ ಎಲ್ಲೋ ಬಿದ್ದಿರುತ್ತೆ. ಇದು ಹುಡುಕಿ ಸೇರಿಸುತ್ತೆ ಅಂತ ಆ ರಿಪೇರಿಯವನೇ ಹೇಳಿಲ್ವಾ? ನೋಡು, ನಿನ್ನೆಗಿಂತ ಇವತ್ತು ನೀಲಿ ಜಾಸ್ತಿ ಆಗಿದೆ. ಬರ್ತಾ ಇದೆ ಕಣೆ, ನಿಧಾನಕ್ಕೆ ಬರ್ತಾ ಇದೆ."

ಅಳಿಸಿದ ಫೈಲು ಒಮ್ಮೆಗೇ ಮಾಯವಾಗುವುದಿಲ್ಲ. ಹಲಗೆಯ ಮೇಲಿನ ಚೀಟಿ ಕಿತ್ತಂತೆ, ಹೆಸರು ಹೋಗುತ್ತದೆ, ಬಟ್ಟೆ ಅಲ್ಲೇ ಇರುತ್ತದೆ. ಯಂತ್ರದ ಲೆಕ್ಕಕ್ಕೆ ಮಾತ್ರ ಅದು ಖಾಲಿ ಜಾಗ. ಆ ದಿನವೇ ಕಂಪ್ಯೂಟರ್ ಆರಿಸಿ ಸುಮ್ಮನಿದ್ದಿದ್ದರೆ ಮಾತು ಪೂರ್ತಿಯಾಗಿ ಸಿಗುತ್ತಿತ್ತು. ಡಿಫ್ರಾಗ್ ಮಾಡುವುದು ಇರುವುದನ್ನು ಎತ್ತಿ ಎತ್ತಿ ಖಾಲಿ ಜಾಗಕ್ಕೆ ತುಂಬುವ ಕೆಲಸ. ದಿನದಿನವೂ ಕೂತು, ಮೈಯೆಲ್ಲ ಕಣ್ಣಾಗಿ, ಗಂಡನ ಮಾತಿನ ಮೇಲೆ ಬೇರೆ ಏನನ್ನೋ ಬರೆಸುತ್ತಿದ್ದಳು ನನ್ನ ಚಿಕ್ಕಮ್ಮ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಡಿಫ್ರಾಗ್ ನಿಲ್ಲಿಸಿದೆ. "ಯಾಕೆ ನಿಲ್ಲಿಸ್ದೆ?" ಎಂದಳು. ಸ್ವಲ್ಪ ಇರು ಎಂದು, ಮರುದಿನ ಸ್ಟುಡಿಯೊದಿಂದ ಅಳಿಸಿದ್ದನ್ನು ಹುಡುಕುವ ಪ್ರೋಗ್ರಾಮಿನ ಫ್ಲಾಪಿ ತಂದು ಹಾಕಿದೆ. ಚಿಕ್ಕಪ್ಪ ಅವತ್ತು ಮನೆಯಲ್ಲಿದ್ದರು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಹೆಸರುಗಳು ಸಿಕ್ಕಿದವು, ಒಂದೊಂದರ ಮೊದಲ ಅಕ್ಷರ ಹೋಗಿ ಅಲ್ಲೊಂದು ಪ್ರಶ್ನೆ ಚಿಹ್ನೆ ಕೂತಿತ್ತು. ಹೆಸರು ಕಂಡ ಕೂಡಲೇ ಚಿಕ್ಕಮ್ಮ ನನ್ನ ಭುಜ ಹಿಡಿದುಕೊಂಡಳು. ಒಂದನ್ನು ತೆರೆದೆ. ಕರಕರ ಎಂದಿತು. ಇನ್ನೊಂದರಲ್ಲಿ ಕುದಿಯುವ ನೀರಿನಂಥ ಸದ್ದು, ನಡುವೆ ಟಕ್ ಎಂದು ಏನೋ ತುಂಡಾದಂತೆ. ಮತ್ತೊಂದು, ಮಗದೊಂದು. ಕೊನೆಯವರೆಗೂ ಕೇಳಿದೆವು. ಆ ನಗು ಎಲ್ಲೂ ಇರಲಿಲ್ಲ.

ಆಗ ಹೇಳಲೇಬೇಕಾಯಿತು. ಹಲಗೆ, ಚೀಟಿ, ಬಟ್ಟೆ ಎಂದು ಅವಳ ಭಾಷೆಯಲ್ಲೇ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಹಾಗಾದ್ರೆ ಒಂದ್ಸಲ ಎಸೆದೆ. ಆಮೇಲೆ ದಿನಾ ಕೂತ್ಕೊಂಡು ಅದರ ಮೇಲೆ ಬೇರೆ ಬಟ್ಟೆ ಜೋಡಿಸಿದೆ."

ನಾನು ತಲೆ ತಗ್ಗಿಸಿದೆ. ಅವಳು ಅಳಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಎಷ್ಟು ಜನರದ್ದು ಹುಡುಕಿ ಕೊಟ್ಟಿದೀನಿ ಈ ಕೈಯಲ್ಲಿ," ಎಂದಳು. ನನಗೆ ಅದನ್ನು ನೋಡಲಾಗಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಕಸದ ಬುಟ್ಟಿಯ ಚಿತ್ರ ಒತ್ತಿದೆ, ಅವಳು ಎಸೆದದ್ದಾದರೂ ಏನೇನು ಎಂದು ತಿಳಿಯಲಿಕ್ಕೆ. ಇಸ್ಪೀಟಿನ ಆಟ, ಕಾರ್ಖಾನೆಯ ಕಾಗದ, ಮದುವೆಯ ಮಬ್ಬು ಫೋಟೊ, ಎಲ್ಲವೂ ಬುಟ್ಟಿಯಲ್ಲೇ ಬಿದ್ದಿದ್ದವು. ಪುಣ್ಯಾತ್ಗಿತ್ತಿ ಬುಟ್ಟಿಗೆ ಹಾಕಿದ್ದಳೇ ಹೊರತು ಬುಟ್ಟಿಯನ್ನು ಖಾಲಿ ಮಾಡಿರಲಿಲ್ಲ. ಕಸವೆಲ್ಲ ಮನೆಯೊಳಗೇ ಇತ್ತು. ಮಾತಿನ ಫೋಲ್ಡರ್ ಮಾತ್ರ ಅಲ್ಲಿರಲಿಲ್ಲ. ಯಾರೋ ಅದೊಂದನ್ನೇ ಆರಿಸಿ, ಬುಟ್ಟಿಗೆ ಹಾಕಿ, ಬುಟ್ಟಿಯಿಂದಲೂ ತೆಗೆದುಹಾಕಿದ್ದರು. ಚಿಕ್ಕಮ್ಮನಿಗೆ ಆ ಎರಡನೇ ಹೆಜ್ಜೆ ಗೊತ್ತೇ ಇರಲಿಲ್ಲ. ಕಾರ್ಖಾನೆಯಲ್ಲಿ ಈ ಕಂಪ್ಯೂಟರಿನಲ್ಲೇ ದಿನವೂ ವ್ಯಾನಿನ ಟ್ರಿಪ್ಪು ಬರೆಯುತ್ತಿದ್ದ ಒಬ್ಬರಿಗೆ ಗೊತ್ತಿತ್ತು.

ನಾನು ತಿರುಗಿ ನೋಡಿದೆ. ಚಿಕ್ಕಪ್ಪ ಬಾಗಿಲಲ್ಲಿ ಇರಲಿಲ್ಲ.

ಒಳಗಿನ ಕೋಣೆಯಲ್ಲಿ ಡ್ರಾಯರ್ ಎಳೆದ ಸದ್ದಾಯಿತು. ಅವರು ಬಂದು ಚಿಕ್ಕಮ್ಮನ ಎದುರು, ಮೇಜಿನ ಅಂಚಿಗೆ ಕೂತರು. ಕೈಯಲ್ಲಿ ಆ ಯಂತ್ರ. ಕತ್ತಿಗೆ ಒತ್ತಿದರು. ಬರಿಯ ಗುಂಯ್ ಎಂದಿತು. ಜಾಗ ಬದಲಿಸಿ, ದವಡೆಯ ಕೆಳಗೆ ಹುಡುಕಿ, ಮತ್ತೆ ಒತ್ತಿದರು.

"ನೀನಲ್ಲ. ನಾನೇ ಅಳಿಸಿದ್ದು."

ಎಲ್ಲ ಅಕ್ಷರಕ್ಕೂ ಒಂದೇ ತೂಕದ, ಎತ್ತರ ತಗ್ಗು ಇಲ್ಲದ ದನಿ. ಕೋಣೆಯ ಅರೆಬೆಳಕಿನಲ್ಲಿ ಪರದೆಯ ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿತ್ತು. ಅವರು ಗುಂಡಿ ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಅದುಮಿದರು.

"ಅದರೊಳಗಿದ್ದ ಅವನು ಚೆನ್ನಾಗಿ ಮಾತಾಡ್ತಾನೆ. ನಗ್ತಾನೆ. ನೀನು ಬಂದ ತಕ್ಷಣ ಅವನ ಹತ್ರ ಹೋಗ್ತಿದ್ದೆ. ನಾನು ಆಚೆ ಕೂತಿರ್ತಿದ್ದೆ."

ಇಷ್ಟು ಉದ್ದದ ಮಾತನ್ನು ಎಚ್ಚರದಲ್ಲಿ ಅವರು ಆಡಿದ್ದನ್ನು ನಾನು ಕೇಳಿರಲಿಲ್ಲ, ದನಿಯಿದ್ದ ಕಾಲದಲ್ಲೂ. ನನಗೆ ಅವರ ಮೇಲೆ ಸಿಟ್ಟು ಬಂತು, ಆಮೇಲೆ ನಮ್ಮೆಲ್ಲರ ಮೇಲೂ ಬಂತು. ಚಿಕ್ಕಮ್ಮ ಈಗ ಕೂಗಾಡುತ್ತಾಳೆ, ಅಥವಾ ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವರೂ ಹಾಗೇ ಅಂದುಕೊಂಡಿದ್ದರೇನೋ, ಯಂತ್ರವನ್ನು ಕೆಳಗಿಳಿಸಿ, ಬೈಸಿಕೊಳ್ಳಲು ತಯಾರಾದವರಂತೆ ಕೂತರು.

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು.

"ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದಳು. "ಇನ್ನೊಂದ್ಸಲ ಹೇಳಿ."

ಅವರು ಅವಳ ಮುಖವನ್ನೇ ನೋಡಿದರು. ಯಂತ್ರವನ್ನು ಮತ್ತೆ ಕತ್ತಿಗೆ ತಂದು, ಅದೇ ಮಾತನ್ನು ಮೊದಲಿನಿಂದ ಹೇಳಿದರು. ಈ ಸಲ ಜಾಗ ಬೇಗ ಸಿಕ್ಕಿತು. ಅವಳಿಗಿಂತ ದೂರ ಕೂತಿದ್ದ ನನಗೆ ಒಂದೊಂದು ಅಕ್ಷರವೂ ಎರಡು ಸಲವೂ ಚೆನ್ನಾಗಿ ಕೇಳಿಸಿತ್ತು.

"ಇನ್ನೊಂದ್ಸಲ," ಎಂದಳು ಚಿಕ್ಕಮ್ಮ, ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು.